ಬಿಸಿ ಮರಳಿನಲ್ಲಿ ಹತ್ತು ನಿಮಿಷ

ಪ್ರಶ್ನೆ: ಮಗ ಟೋಕಿಯೋದಲ್ಲಿದ್ದಾನೆ. ಏಪ್ರಿಲ್‌ನಲ್ಲಿ ಹೋಗುತ್ತಿದ್ದೇವೆ. ಜಪಾನಿನಲ್ಲಿ ಸಮುದ್ರದ ದಂಡೆಯಲ್ಲೇ ಬಿಸಿ ಮರಳಲ್ಲಿ ಹೂಳುತ್ತಾರಂತೆ. ನನಗೆ ಮಂಡಿನೋವು, ನಮ್ಮ ಯಜಮಾನರಿಗೆ ಬಿ.ಪಿ. ಹೋಗಬಹುದಾ?
– ಓದುಗರೊಬ್ಬರು, ಮೈಸೂರು

ಉತ್ತರ: ನೀವು ಹೇಳುವ ಊರು ಇಬುಸುಕಿ ಇರಬೇಕು. ಕ್ಯೂಷೂ ದ್ವೀಪದ ದಕ್ಷಿಣ ತುದಿಯಲ್ಲಿದೆ. ಟೋಕಿಯೋದಿಂದ ಕಾಗೋಷಿಮಾಕ್ಕೆ ವಿಮಾನ, ವಿಮಾನ ನಿಲ್ದಾಣದಿಂದ ಕಾಗೋಷಿಮಾ ನಗರಕ್ಕೆ ಬಸ್ಸು, ಅಲ್ಲಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಒಂದು ರಾತ್ರಿ ಅಲ್ಲೇ ಉಳಿಯಿರಿ, ಸುಮ್ನೆ ಓಡಬೇಡಿ.

ಅಲ್ಲಿ ಬಿಸಿನೀರಿನ ಬುಗ್ಗೆಯಿಂದ ಮರಳೇ ಕಾದಿರುತ್ತದೆ. ಯುಕಾತಾ ಎಂಬ ಹತ್ತಿಯ ನಿಲುವಂಗಿ ಕೊಡುತ್ತಾರೆ. ಒಳಗೆ ಏನೂ ಹಾಕುವಂತಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡು ಮಲಗಿದರೆ ಸಲಿಕೆಯಿಂದ ಮರಳು ಎಳೆಯುತ್ತಾರೆ. ನಾನು ಹೋದಾಗ ಬಿಸಿಗಿಂತ ಆ ಭಾರಕ್ಕೇ ಗಾಬರಿಯಾಗಿತ್ತು! ಆಮೇಲೆ ಬೆರಳ ತುದಿಯಲ್ಲೂ ನಾಡಿ ಬಡಿಯುವುದು ಗೊತ್ತಾಯಿತು. ಕಿವಿಗೆ ಅಲೆಯ ಸದ್ದು. ಹತ್ತು ನಿಮಿಷ ಸಾಕು, ಜಾಸ್ತಿ ಹೊತ್ತು ಹಟ ಮಾಡಬೇಡಿ.

ಯಜಮಾನರು ಮೊದಲು ನಿಮ್ಮ ಡಾಕ್ಟರನ್ನು ಕೇಳಲಿ. ಇದು ತಮಾಷೆಯಲ್ಲ. ನಿಮ್ಮ ಮಂಡಿಗೆ ಹಿತವೆನಿಸಬಹುದು, ಆದರೆ ನೋವು ವಾಸಿಯಾಗುತ್ತದೆ ಎಂದು ನಾನಂತೂ ಹೇಳಲಾರೆ. ಏಳುವಾಗ ನಿಧಾನ, ತಲೆ ಸುತ್ತುತ್ತದೆ. ನೀರು ಚೆನ್ನಾಗಿ ಕುಡಿಯಿರಿ.

ಮರಳು ತೊಳೆದುಕೊಂಡು ಬಿಸಿನೀರಿನ ತೊಟ್ಟಿಗೆ ಇಳಿಯಬೇಕು. ಅಲ್ಲಿ ಬಟ್ಟೆಯೇ ಇಲ್ಲ! ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ. ಐದು ನಿಮಿಷ ನಾಚಿಕೆ, ಆಮೇಲೆ ಯಾರೂ ಯಾರನ್ನೂ ನೋಡುವುದಿಲ್ಲ.

ಸಸ್ಯಾಹಾರಿಗಳಾದರೆ ಎಚ್ಚರ. ತರಕಾರಿ ಸಾರಿಗೂ ಮೀನಿನ ರಸ ಬೆರೆಸಿರುತ್ತಾರೆ. ಆ ಕಡೆ ಸಿಹಿಗೆಣಸು ಧಾರಾಳ. ಚೀಲದಲ್ಲಿ ಅವಲಕ್ಕಿ, ಚಟ್ನಿಪುಡಿ ಇರಲಿ.