ಕ್ರ್ಯಾನ್‌ಬೆರೀಸ್ ಹುಟ್ಟಿದ್ದು ಹೇಗೆ, ಆ ದನಿ ಬಂದದ್ದು ಎಲ್ಲಿಂದ?

ಐರ್ಲೆಂಡಿನ ರಾಕ್ ಬ್ಯಾಂಡ್ ಕ್ರ್ಯಾನ್‌ಬೆರೀಸ್ ಹೇಗೆ ಶುರುವಾಯಿತು, ಅದರ ಗಾಯಕಿ ಡೊಲೊರೆಸ್ ಓರಿಯೊರ್ಡನ್ ಹಾಡುವಾಗ ದನಿ ನಡುವೆ ಒಡೆದು ಮೇಲೆ ಜಿಗಿಯುತ್ತದಲ್ಲ, ಅದನ್ನು ಯಾರಿಂದ ಕಲಿತಳು ಎಂದು ಕೇಳಿದ್ದೀರಿ. ನಾನು ಬೆಳಗಾವಿಯವಳು, ಇಲ್ಲಿಯ ನಾಲ್ಕು ಮಂದಿಯ ರಾಕ್ ಬ್ಯಾಂಡಿನಲ್ಲಿ ಹಾಡುತ್ತೇನೆ. ನಿಮ್ಮ ಎರಡನೇ ಪ್ರಶ್ನೆ ನನ್ನನ್ನೂ ಬಹಳ ವರ್ಷ ಕಾಡಿದೆ.

ಮೊದಲನೆಯದಕ್ಕೆ ಉತ್ತರ ಸರಳ. 1989ರಲ್ಲಿ ಐರ್ಲೆಂಡಿನ ಲಿಮರಿಕ್‌ನಲ್ಲಿ ನೋಯೆಲ್ ಹೋಗನ್ ಗಿಟಾರ್, ತಮ್ಮ ಮೈಕ್ ಬೇಸ್, ಫರ್ಗಲ್ ಲಾಲರ್ ಡ್ರಮ್ಸ್ ಹಿಡಿದು ಶುರುಮಾಡಿದರು. ಆಗ ಹಾಡುತ್ತಿದ್ದವನು ನಿಯಾಲ್ ಕ್ವಿನ್. ಅವನು ಬಿಟ್ಟ ಮೇಲೆ 1990ರಲ್ಲಿ ಡೊಲೊರೆಸ್ ಬಂದಳು, ಆಕೆಗೆ ಆಗ 18. ಹೋಗನ್ ಗಿಟಾರಿನಲ್ಲಿ ನುಡಿಸಿದ ಕಾರ್ಡ್‌ಗಳ (ಒಟ್ಟಿಗೆ ಮೀಟುವ ಸ್ವರಗಳ ಗುಚ್ಛ) ಕ್ಯಾಸೆಟ್ ಮನೆಗೆ ಒಯ್ದು, ಅದಕ್ಕೆ ಮಾತು, ಮಟ್ಟು ಕಟ್ಟಿಕೊಂಡು ಬಂದಳು. ಅದೇ 'ಲಿಂಗರ್'. ಇಡೀ ಹಾಡು ನಾಲ್ಕೇ ಕಾರ್ಡ್ ಮೇಲೆ ಸುತ್ತುತ್ತದೆ, ಬೇಸರ ಆಗುವುದಿಲ್ಲ ಅಂದರೆ ಅದಕ್ಕೆ ಆ ದನಿಯೇ ಕಾರಣ. ಗಿಟಾರಿನ ಮೇಲೆ ಇಂಗ್ಲೆಂಡಿನ ದಿ ಸ್ಮಿತ್ಸ್ ಬ್ಯಾಂಡಿನ ನೆರಳಿದೆ. 1993ರ ಮೊದಲ ಆಲ್ಬಮ್ಮಿನ ನಿರ್ಮಾಪಕ ಸ್ಟೀಫನ್ ಸ್ಟ್ರೀಟ್ ಸ್ಮಿತ್ಸ್ ಜೊತೆ ಕೆಲಸ ಮಾಡಿದವನೇ.

ಆದರೆ ದನಿ ರಾಕ್‌ನಿಂದ ಬಂದದ್ದಲ್ಲ. ಡೊಲೊರೆಸ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತ, ಕಾಯರ್‌ನಲ್ಲಿ ಹಾಡುತ್ತ ಬೆಳೆದವಳು. ಐರಿಶ್ ಹಳ್ಳಿ ಹಾಡು ಕಿವಿಯಲ್ಲೇ ಇತ್ತು. ಅಪ್ಪ ಹಾಡುತ್ತಿದ್ದ ಯೋಡಲಿಂಗ್ ಹಾಡಿಗೆ ದನಿಗೂಡಿಸುತ್ತ ತಗ್ಗಿನ ಎದೆದನಿಯಿಂದ ಮೇಲಿನ ತಲೆದನಿಗೆ ಒಮ್ಮೆಲೇ ಹಾರುವುದನ್ನು ಕಲಿತಳು. ಬೇರೆಯವರು ಆ ಬೆಸುಗೆ ಕಾಣದಂತೆ ತಿಕ್ಕಿ ನಯಮಾಡುತ್ತಾರೆ, ಈಕೆ ಬೇಕೆಂದೇ ಕಾಣುವಂತೆ ಬಿಟ್ಟಳು.

ಇದು ನನಗೆ ಅರ್ಥವಾದದ್ದು ತಡವಾಗಿ. ಚಿಕ್ಕಂದಿನಲ್ಲಿ ಹಿಂದೂಸ್ತಾನಿ ಕಲಿಯುತ್ತಿದ್ದಾಗ ಗುರುಗಳು "ಅಲ್ಲಿ ದನಿ ಒಡೀತೈತಿ ನೋಡವಾ" ಎಂದು ತಿದ್ದುತ್ತಿದ್ದರು. ಅವರ ಶಿಸ್ತಿನಿಂದ ಶ್ರುತಿ ಗಟ್ಟಿಯಾಯಿತು, ಋಣ ದೊಡ್ಡದು. ಬ್ಯಾಂಡ್ ಸೇರಿದ ಮೇಲೆ ಡೊಲೊರೆಸ್‌ಳನ್ನು ಅನುಕರಿಸಿದೆ, ಐರಿಶ್ ಉಚ್ಚಾರಣೆ ಸಮೇತ. ಟಿಳಕವಾಡಿಯ ಒಂದು ಅಂಗಡಿಯ ಮಾಳಿಗೆಯಲ್ಲಿ, ಸದ್ದು ಹೊರಗೆ ಹೋಗದಂತೆ ಗೋಡೆಗೆ ಹಳೇ ಕೌದಿ ತೂಗುಹಾಕಿ ಪ್ರಾಕ್ಟೀಸ್ ಮಾಡುತ್ತಿದ್ದೆವು. ಡ್ರಮ್ಮರ್ ಗಣಪತಿ ಹಬ್ಬದ ಢೋಲ್ ತಾಶಾ ಪಥಕದಲ್ಲಿ ಬಾರಿಸಿ ಬೆಳೆದವನು, ಕೈ ಭಾರ. ಒಂದು ಕಾಲೇಜಿನ ಗ್ಯಾದರಿಂಗಿನಲ್ಲಿ ಸೌಂಡಿನವರು ನನ್ನ ಮೈಕ್ ತೆಗೆದು ಗಿಟಾರಿಸ್ಟ್ ಮುಂದೆ ಇಟ್ಟು, "ಅಕ್ಕಾರು ಕೋರಸ್ ಅಲ್ರೀ?" ಎಂದರು. ಮೈಕನ್ನು ನಾನೇ ಎತ್ತಿ ತಂದು ಮುಂದೆ ಇಟ್ಟುಕೊಂಡೆ. ಅವತ್ತು ಹಾಡಿದ್ದು 'ಝಾಂಬಿ'. ಇಂಗ್ಲೆಂಡಿನ ವಾರಿಂಗ್ಟನ್‌ನಲ್ಲಿ 1993ರ ಮಾರ್ಚ್ 20ರಂದು ಐರಿಶ್ ಸಶಸ್ತ್ರ ಸಂಘಟನೆ ಐಆರ್‌ಎ ಇಟ್ಟ ಬಾಂಬಿಗೆ 3 ಮತ್ತು 12 ವರ್ಷದ ಇಬ್ಬರು ಹುಡುಗರು ಬಲಿಯಾದರು. ಆ ಸಂಕಟದಲ್ಲಿ ಡೊಲೊರೆಸ್ ಬರೆದ ಹಾಡು ಅದು. ಜನ ಚಪ್ಪಾಳೆ ತಟ್ಟಿದರು. ಆದರೆ ಆ ಸಂಕಟ ಆಕೆಯದು, ನನ್ನದಲ್ಲ ಎಂದು ವೇದಿಕೆ ಮೇಲೇ ಅನ್ನಿಸಿತು.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿತು. ರಾಮದುರ್ಗ ತಾಲೂಕಿನ ಹೊಳೆದಂಡೆಯಲ್ಲಿ ನಮ್ಮ ಆಯಿಯ, ಅಂದರೆ ಅಜ್ಜಿಯ, ಮಣ್ಣಿನ ಮನೆ. ನೀರು ಇಳಿದ ಮೇಲೆ ಹೋದರೆ ಗೋಡೆ ಬಿದ್ದಿದ್ದವು, ಪಡಸಾಲೆಯ ಮೂಲೆಯಲ್ಲಿ ಬೀಸೋಕಲ್ಲು ಮಾತ್ರ ಇದ್ದಲ್ಲೇ ಕೆಸರಿನಲ್ಲಿ ಕೂತಿತ್ತು. ತೊಳೆದು ಬೆಳಗಾವಿಗೆ ತಂದೆವು. ಕೆಲವು ತಿಂಗಳ ಮೇಲೆ ಆಯಿ ಅದರಲ್ಲಿ ತೊಗರಿ ಒಡೆಯುತ್ತ ಬೀಸೋ ಪದ ಎತ್ತಿದಳು. ನಾನು ಎದುರಿಗೆ ಕೂತು ಗೂಟಕ್ಕೆ ಕೈ ಕೊಟ್ಟಿದ್ದೆ. ಕಲ್ಲು ಅರ್ಧ ಸುತ್ತು ಬಂದಾಗ ಆಕೆಯ ದನಿ ಬಿಗಿಯಾಗಿ ಕೆಳಗೇ ನಿಂತಿತು, ಇನ್ನರ್ಧಕ್ಕೆ ಟಕ್ಕನೆ ಒಡೆದು ಮೇಲಕ್ಕೆ ಹೋಯಿತು. ಪ್ರತಿ ಸುತ್ತಿಗೂ ಅದೇ ಜಾಗ. ಕೇಳಿದರೆ, "ಎಳಿವಾಗ ಉಸರ ಕಟ್ಟತೈತಿ ಯವ್ವಾ, ಬಿಟ್ಟಾಗ ದನಿ ತಾನ ಜಿಗಿತೈತಿ. ನಾ ಏನ ಬೇಕಂತ ಮಾಡಾಂಗಿಲ್ಲ" ಅಂದಳು.

ನನ್ನಲ್ಲಿ ಒಡೆಯುತ್ತಿದ್ದದ್ದೂ ಅದೇ ಜಾಗ! ಲಿಮರಿಕ್ಕಿಗೂ ರಾಮದುರ್ಗಕ್ಕೂ ಸಂಬಂಧ ಕಟ್ಟುತ್ತಿಲ್ಲ. ಡೊಲೊರೆಸ್ ತನ್ನ ಅಪ್ಪನ ಹಾಡನ್ನು ಹಾಗೇ ಗಂಟಲಲ್ಲಿ ಇಟ್ಟುಕೊಂಡು ರಾಕ್‌ಗೆ ಬಂದಳು, ನಾನು ಆಯಿಯದನ್ನು ತಿದ್ದಿ ಅಳಿಸಿಕೊಂಡು ಬಂದಿದ್ದೆ. ಪ್ರಭಾವ ಅಂತ ಕೇಳಿದಿರಲ್ಲ, ಡೊಲೊರೆಸ್‌ಳಿಂದ ನಾನು ನಿಜವಾಗಿ ಪಡೆದದ್ದು ಇದನ್ನೇ.

ನಮ್ಮ ಮೊದಲ ಸ್ವಂತ ಹಾಡು ಆ ಪ್ರವಾಹದ ಮೇಲೆಯೇ, ಕನ್ನಡದಲ್ಲಿ, ಮೂರು ಕಾರ್ಡ್. ರೆಕಾರ್ಡಿಂಗ್ ಕೇಳಿಸಿದಾಗ ಆಯಿ ಕಣ್ಣು ಮುಚ್ಚಿ ಕೇಳಿ, "ಪದ ಐತಿ, ಕಲ್ಲ ಎಲ್ಲೈತಿ?" ಅಂದಳು. ಈಗ ದನಿ ಒಡೆಯುವ ಜಾಗಕ್ಕೆ ಮುಂಚೆ ನಮ್ಮ ಡ್ರಮ್ಮರ್ ಕೋಲು ಕೆಳಗಿಟ್ಟು, ಸ್ನೇರ್ ಡ್ರಮ್ ಮೇಲೆ ಬ್ರಷ್ ಹಿಡಿದು ಒಂದು ಸುತ್ತು ತಿರುಗಿಸುತ್ತಾನೆ.