ಎಷ್ಟು ಕಾಳಿಗೆ ರಾಶಿ?

ಪ್ರಶ್ನೆ: ರಾಗಿಯ ರಾಶಿಯಿಂದ ಒಂದೊಂದೇ ಕಾಳು ತೆಗೆಯುತ್ತಾ ಹೋದರೆ ಯಾವ ಹಂತದಲ್ಲಿ ಅದು ರಾಶಿಯಲ್ಲದಂತಾಗುತ್ತದೆ? ಅದನ್ನು ಹೇಳಲಾಗದಿದ್ದರೆ ‘ರಾಶಿ’ ಎಂಬ ಮಾತಿಗೆ ಅರ್ಥವೇ ಇಲ್ಲವೆನ್ನಬೇಕೆ?
– ಓದುಗರೊಬ್ಬರು, ತುಮಕೂರು

ಉತ್ತರ: ಕ್ರಿಸ್ತಪೂರ್ವ 4ನೆಯ ಶತಮಾನದ ಗ್ರೀಕ್ ತಾರ್ಕಿಕ ಯೂಬುಲಿಡೀಸ್‌ನ ಹೆಸರಿನಲ್ಲಿ ಬಂದಿರುವ ಹಳೆಯ ಒಗಟು ಇದು. ಒಂದು ಕಾಳು ಕಡಿಮೆಯಾದರೂ ರಾಶಿ ರಾಶಿಯೇ ಎಂದು ಒಪ್ಪಿದರೆ, ಅದೇ ಮಾತನ್ನು ಸಾವಿರಾರು ಸಲ ಅನ್ವಯಿಸಿ ಕೊನೆಗೆ ಒಂಟಿ ಕಾಳನ್ನೂ ರಾಶಿ ಎನ್ನಬೇಕಾಗುತ್ತದೆ. ಒಪ್ಪದಿದ್ದರೆ, ಯಾವುದೋ ಒಂದೇ ಕಾಳು ರಾಶಿಯನ್ನು ಇಲ್ಲವಾಗಿಸಿತೆಂದು ಸಾಧಿಸಬೇಕಾಗುತ್ತದೆ.

1965ರಲ್ಲಿ ಗಣಿತಜ್ಞ ಲೋಟ್ಫಿ ಜಾದೆ ಮಂಡಿಸಿದ ಫಜಿ (ಅಂಚು ಮಸುಕಾದ) ಗಣಗಳ ಸಿದ್ಧಾಂತದಲ್ಲಿ ಒಂದು ವಸ್ತು ಗಣಕ್ಕೆ ಸೇರುವುದನ್ನು 0ಯಿಂದ 1ರವರೆಗಿನ ಪ್ರಮಾಣದಲ್ಲಿ ಅಳೆಯಬಹುದು. ಯಂತ್ರ ನಿಯಂತ್ರಣದಲ್ಲಿ ಇದರಿಂದ ಬಹಳ ಉಪಯೋಗವಾಗಿದೆಯಾದರೂ ಒಗಟು ಬಿಡಿಸಿದಂತಾಗಿಲ್ಲ, ಏಕೆಂದರೆ ‘ಪೂರ್ಣ ರಾಶಿ’ ಎಂಬ ಪ್ರಮಾಣ ಯಾವ ಕಾಳಿಗೆ ಮುಗಿಯುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಗಡಿ ಖಚಿತವಾಗಿಯೇ ಇದೆ, ಅದನ್ನು ತಿಳಿಯುವ ಶಕ್ತಿ ಮಾತ್ರ ನಮಗಿಲ್ಲ ಎಂದು ತತ್ತ್ವಶಾಸ್ತ್ರಜ್ಞ ತಿಮೊಥಿ ವಿಲಿಯಮ್ಸನ್ 1994ರಲ್ಲಿ ವಾದಿಸಿದರು. ತರ್ಕದ ಯಾವ ನಿಯಮವನ್ನೂ ಬಲಿಕೊಡದ ವಾದವಿದು. ಆದರೂ, ಬಳಸುವವರಾರೂ ಗೊತ್ತುಮಾಡದ ಗಡಿ ಎಲ್ಲಿಂದ ಬಂತೆಂಬ ನನ್ನ ಸಂಶಯ ಉಳಿದೇ ಇದೆ.

ಅರ್ಥವೇ ಇಲ್ಲವೆನ್ನಬೇಕಾಗಿಲ್ಲ. ಕಣದ ತುಂಬ ಇರುವುದು ರಾಶಿ, ಅಂಗೈಯ ಎರಡು ಕಾಳು ರಾಶಿಯಲ್ಲ ಎಂಬುದರಲ್ಲಿ ತಕರಾರಿಲ್ಲ. ಗೆರೆ ಬೇಕೇಬೇಕಾದ ಕಡೆ ನಾವೇ ಎಳೆಯುತ್ತೇವೆ: ಮತದಾನದ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿದದ್ದು ಸಂವಿಧಾನದ ತಿದ್ದುಪಡಿಯಿಂದಲೇ ಹೊರತು, ಪ್ರೌಢತೆ ಯಾವ ದಿನ ಬರುತ್ತದೆಂದು ಯಾರೋ ಕಂಡುಹಿಡಿದದ್ದರಿಂದಲ್ಲ.