ಎರಡನೇ ದೋಸೆಗೆ ದುಡ್ಡು ಕೊಡೋಣ

ಓದುಗರ ಪತ್ರ (ಚಿಕ್ಕದು ಮಾಡಿದ್ದೇವೆ): ‘ನಾನು ಚಿತ್ರದುರ್ಗದವನು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಈ ಸೆಮಿಸ್ಟರ್‌ನಲ್ಲಿ ಹಾಸ್ಟೆಲ್ ರೂಮ್‌ಮೇಟ್‌ನ ಪಿಸಿಯಲ್ಲಿ ಒಂದಾದ ಮೇಲೆ ಒಂದು ಆಟ ಆಡಿದೆ. ಎಲ್ಡನ್ ರಿಂಗ್‌ನ ಎಕ್ಸ್‌ಪ್ಯಾನ್ಷನ್ (ಮೂಲ ಆಟಕ್ಕೆ ಆಮೇಲೆ ಬರುವ ದೊಡ್ಡ ಸೇರ್ಪಡೆ) ‘ಶ್ಯಾಡೋ ಆಫ್ ದಿ ಎರ್ಡ್‌ಟ್ರೀ’ ಸುಮ್ನೆ ಕಷ್ಟ, ಕಷ್ಟಕ್ಕೋಸ್ಕರ ಕಷ್ಟ. ಸೈಬರ್‌ಪಂಕ್‌ನ ‘ಫ್ಯಾಂಟಮ್ ಲಿಬರ್ಟಿ’ ಚೆನ್ನಾಗಿದೆ, ಆದರೆ ಅದು ಮೊದಲ ದಿನವೇ ಆಟದೊಳಗೆ ಇರಬೇಕಿತ್ತು. ‘ಸಿಲ್ಕ್‌ಸಾಂಗ್’ ನನ್ನ ಕೈಲಾಗಲಿಲ್ಲ, ಅರ್ಧಕ್ಕೆ ಬಿಟ್ಟೆ. ‘ಏಜ್ ಆಫ್ ಎಂಪೈರ್ಸ್’ ಎರಡರ ಭಾರತದ ಎಕ್ಸ್‌ಪ್ಯಾನ್ಷನ್‌ನಲ್ಲಿ ನಮ್ಮವರೇ ಇಲ್ಲ. ಒಟ್ಟಿನಲ್ಲಿ ಅರ್ಧ ಆಟ ಮಾರಿ ಉಳಿದರ್ಧಕ್ಕೆ ಮತ್ತೆ ದುಡ್ಡು ಕೇಳೋದು, ಬೆಣ್ಣೆ ದೋಸೆ ಕೊಟ್ಟು ಚಟ್ನಿಗೆ ಬೇರೆ ಬಿಲ್ ಹಾಕಿದ ಹಾಗೆ. ಇಂಥದ್ದನ್ನು ನೀವು ಯಾಕೆ ಹೊಗಳುತ್ತೀರಿ? ಹೆಸರು ಹಾಕಬೇಡಿ, ಅಪ್ಪ ನಿಮ್ಮ ಪತ್ರಿಕೆ ಓದುತ್ತಾರೆ.’

ಪ್ರಿಯ ಮಿತ್ರರೇ,

ಹೆಸರು ಹಾಕಿಲ್ಲ. ನಿಮ್ಮ ತಂದೆಯವರು ಇದನ್ನು ಓದುತ್ತಿದ್ದರೆ ಅವರಿಗೆ ಒಂದು ಮಾತು: ಪತ್ರ ಬರೆದವರ ಕನ್ನಡ ಚೆನ್ನಾಗಿದೆ. ಸೆಮಿಸ್ಟರ್ ಫಲಿತಾಂಶದ ಬಗ್ಗೆ ನನಗೇನೂ ಗೊತ್ತಿಲ್ಲ.

ಚಟ್ನಿಗೆ ಬೇರೆ ಬಿಲ್ ಹಾಕಿದರೆ ಯಾರಾದರೂ ಜಗಳ ಆಡಲೇಬೇಕು. ಅಲ್ಲಿಯವರೆಗೆ ನಾನು ನಿಮ್ಮ ಪಕ್ಕದಲ್ಲೇ ನಿಂತಿರುತ್ತೇನೆ. ಆದರೆ ಹೊಟ್ಟೆ ತುಂಬ ಒಂದು ದೋಸೆ ತಿಂದಾದ ಮೇಲೆ ಇನ್ನೊಂದು ಹಾಕಿಸಿಕೊಂಡರೆ ಅದಕ್ಕೆ ದುಡ್ಡು ಕೊಡೋದರಲ್ಲಿ ಮೋಸ ಏನಿದೆ? ನೀವು ಎರಡನ್ನೂ ಒಂದೇ ಬಿಲ್ಲಿಗೆ ಸೇರಿಸಿದ್ದೀರಿ.

ಚಟ್ನಿ ಮಾರಿದವರು ನಿಜವಾಗಿಯೂ ಇದ್ದಾರೆ. 2006ರಲ್ಲಿ ಬೆಥೆಸ್ಡಾ ಕಂಪನಿ ‘ಆಬ್ಲಿವಿಯನ್’ ಆಟದ ಕುದುರೆಗೆ ಒಂದು ಕವಚ ತೊಡಿಸಿ, ಎರಡೂವರೆ ಡಾಲರ್‌ಗೆ ಮಾರಿತು. ಜನ ನಕ್ಕರು, ಬೈದರು, ಕೊಂಡೂ ಕೊಂಡರು. ಅದಕ್ಕಿಂತ ಕೆಟ್ಟದ್ದು ಕ್ಯಾಪ್‌ಕಾಮ್‌ನ ‘ಅಸುರಾಸ್ ರಾತ್’. 2012ರಲ್ಲಿ ಬಂದ ಆ ಆಟದ ನಿಜವಾದ ಕೊನೆಯನ್ನು ಬೇರೆ ಡಿಎಲ್‌ಸಿ (ಆಮೇಲೆ ಡೌನ್‌ಲೋಡ್ ಮಾಡಿಕೊಳ್ಳುವ ತುಣುಕು) ಮಾಡಿ ಮಾರಿದರು. ಕತೆ ಹೇಳುತ್ತಾ ಹೇಳುತ್ತಾ ಕ್ಲೈಮ್ಯಾಕ್ಸ್‌ಗೆ ಟಿಕೆಟ್ ಕೇಳೋದು ಅಂದರೆ ಅದೇ. ಹಾಗಾಗಿ ನಾನು ಮೊದಲು ನೋಡೋದು ಇಷ್ಟೇ: ಎಕ್ಸ್‌ಪ್ಯಾನ್ಷನ್ ಕೊಳ್ಳದೆ ಇದ್ದರೆ ಮೂಲ ಆಟ ಮುಗಿಯುತ್ತದಾ? ಮುಗಿದರೆ ಮುಂದಿನ ಮಾತು. ಮುಗಿಯದಿದ್ದರೆ ಬೈಯಿರಿ, ನಾನೂ ಸೇರಿಕೊಳ್ಳುತ್ತೇನೆ.

ಈಗ ನಾನು ಯಾಕೆ ಹೊಗಳುತ್ತೇನೆ ಅನ್ನೋದಕ್ಕೆ ಬರುತ್ತೇನೆ. ದೊಡ್ಡ ಆಟ ಮಾಡುವ ತಂಡಕ್ಕೆ ಎಷ್ಟೋ ವರ್ಷ ತಾವು ಏನು ಮಾಡುತ್ತಿದ್ದೇವೆ ಅನ್ನೋದೇ ಸರಿಯಾಗಿ ಗೊತ್ತಿರುವುದಿಲ್ಲ. ಇಂಜಿನ್, ಅಂದರೆ ಆಟವನ್ನು ನಡೆಸುವ ಸಾಫ್ಟ್‌ವೇರ್, ಇನ್ನೂ ತಯಾರಾಗುತ್ತಿರುತ್ತದೆ. ಕತ್ತಿ ಬೀಸಿದರೆ ಎಷ್ಟು ಭಾರ ಅನ್ನಿಸಬೇಕು ಅಂತ ಇನ್ನೂ ವಾದ ನಡೆಯುತ್ತಿರುತ್ತದೆ. ಆಟ ಮಾರುಕಟ್ಟೆಗೆ ಬಂದಾಗ ಕೆಲಸ ಕಲಿತಿರುತ್ತಾರೆ. ಲಕ್ಷಾಂತರ ಜನ ಆಡಿದ್ದನ್ನು ನೋಡಿದ ಮೇಲೆ ಇನ್ನೂ ಜಾಸ್ತಿ ಕಲಿಯುತ್ತಾರೆ. ಆ ಕಲಿತದ್ದೆಲ್ಲ ಮೊದಲು ಕಾಣುವುದು ಎಕ್ಸ್‌ಪ್ಯಾನ್ಷನ್‌ನಲ್ಲಿ. ಇಂಜಿನ್ ಇದೆ, ಊರು ಇದೆ, ಪಾತ್ರಗಳು ಇವೆ. ಇನ್ನು ಬರೆಯೋದಷ್ಟೇ ಬಾಕಿ.

‘ದಿ ವಿಚರ್ 3’ ನೋಡಿ. ಪೋಲೆಂಡ್‌ನ ಸಿಡಿ ಪ್ರಾಜೆಕ್ಟ್ ರೆಡ್ ತಂಡ 2015ರ ಮೇನಲ್ಲಿ ಅದನ್ನು ತಂದಿತು. ಒಳ್ಳೆಯ ಆಟವೇ. ಆದರೆ ಖಳನಾಯಕ ಎರೆಡಿನ್ ಮುಖ ನಿಮಗೆ ನೆನಪಿದೆಯಾ? ನನಗಂತೂ ಶಿರಸ್ತ್ರಾಣ ಮಾತ್ರ ನೆನಪಿದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದ ‘ಹಾರ್ಟ್ಸ್ ಆಫ್ ಸ್ಟೋನ್’ ತುಂಬಾ ಚಿಕ್ಕದು. ಅದರಲ್ಲಿ ಗಾಂಟರ್ ಓ’ಡಿಮ್ ಅಂತ ಒಬ್ಬ ಕನ್ನಡಿ ವ್ಯಾಪಾರಿ ಬರುತ್ತಾನೆ. ಅವನು ಕಿರುಚುವುದಿಲ್ಲ, ಹೆದರಿಸುವುದಿಲ್ಲ, ನಗುತ್ತಾ ಮಾತಾಡುತ್ತಾನೆ. ಮೈ ಜುಮ್ ಅನ್ನುತ್ತದೆ. 2016ರ ಮೇನಲ್ಲಿ ಬಂದ ‘ಬ್ಲಡ್ ಅಂಡ್ ವೈನ್’ಗೆ ಅದೇ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ರೋಲ್ ಪ್ಲೇಯಿಂಗ್ ಆಟದ ಪ್ರಶಸ್ತಿ ಬಂತು. ಪೂರ್ತಿ ಆಟಗಳ ಜೊತೆ ಸ್ಪರ್ಧೆಗಿಳಿದು ಒಂದು ಎಕ್ಸ್‌ಪ್ಯಾನ್ಷನ್ ಗೆದ್ದಿತು! ಹಾಗಂತ ಅದೇನು ಮೂಲ ಆಟದಿಂದ ಕಿತ್ತು ಇಟ್ಟ ತುಂಡಲ್ಲ. ಟೂಸೆಂಟ್ ಅನ್ನುವ ಪೂರ್ತಿ ಹೊಸ ನಾಡು, ಬೇರೆಯೇ ಬಣ್ಣ, ಬೇರೆಯೇ ಬಿಸಿಲು.

ಅದೇ ತಂಡದ ಸೈಬರ್‌ಪಂಕ್ ವಿಷಯ ಬೇರೆ. 2020ರ ಡಿಸೆಂಬರ್ 10ಕ್ಕೆ ಬಂದಾಗ ಆಟದ ಅವಸ್ಥೆ ಹೇಗಿತ್ತು ಅಂದರೆ, ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದುಹಾಕಿತು. ವಾಪಸ್ ಬಂದದ್ದು 2021ರ ಜೂನ್‌ನಲ್ಲಿ. ‘ಮೊದಲ ದಿನವೇ ಇರಬೇಕಿತ್ತು’ ಅನ್ನುವ ನಿಮ್ಮ ಸಿಟ್ಟು ಸರಿ, ಆದರೆ ಅದರ ಗುರಿ ಸ್ವಲ್ಪ ಪಕ್ಕಕ್ಕೆ ಹೋಗಿದೆ. ಮೊದಲ ದಿನ ಇರಬೇಕಾಗಿದ್ದದ್ದು 2.0 ಅಪ್‌ಡೇಟ್. ಅಟ್ಟಿಸಿಕೊಂಡು ಬರುವ ಪೊಲೀಸರು, ಅರ್ಥ ಇರುವ ಪರ್ಕ್‌ಗಳು (ಪಾತ್ರ ಗಳಿಸುವ ವಿಶೇಷ ಶಕ್ತಿಗಳು), ಸರಿಯಾಗಿ ಕೆಲಸ ಮಾಡುವ ಸೈಬರ್‌ವೇರ್ (ಮೈಗೆ ಜೋಡಿಸಿಕೊಳ್ಳುವ ಯಂತ್ರಗಳು) ಎಲ್ಲ ಅದರಲ್ಲಿ ಬಂತು. ಅದು 2023ರ ಸೆಪ್ಟೆಂಬರ್ 21ಕ್ಕೆ ಪಿಸಿ ಮತ್ತು ಹೊಸ ಕನ್ಸೋಲ್ ಇದ್ದವರಿಗೆಲ್ಲ ಪುಕ್ಕಟೆ ಸಿಕ್ಕಿತು. ಐದು ದಿನ ಬಿಟ್ಟು ಬಂದ ಫ್ಯಾಂಟಮ್ ಲಿಬರ್ಟಿಗೆ 30 ಡಾಲರ್. ಡಾಗ್‌ಟೌನ್ ಎಂಬ ಹೊಸ ಬಡಾವಣೆ, ಬೇಹುಗಾರರ ಕತೆ, ಇಡ್ರಿಸ್ ಎಲ್ಬಾ ಮಾಡಿದ ಸಾಲೊಮನ್ ರೀಡ್ ಪಾತ್ರ. ಅದರ ಕವಲು ಎಲ್ಲಿ ಒಡೆಯುತ್ತದೆ ಅಂತ ಇಲ್ಲಿ ಹೇಳುವುದಿಲ್ಲ, ಇನ್ನೂ ಆಡದವರು ಬೈಯುತ್ತಾರೆ. ನಾನು ರೀಡ್ ಕಡೆ ಹೋದೆ. ಈಗಲೂ ಸಮಾಧಾನ ಇಲ್ಲ. 2020ರ ತಂಡಕ್ಕೆ ಇಷ್ಟು ಬಿಗಿಯಾದ ಕತೆ ಹೇಳುವ ಪುರುಸೊತ್ತೇ ಇರಲಿಲ್ಲ, ಬಗ್ಸ್ ಹಿಡಿಯೋದೇ ಕೆಲಸ ಆಗಿತ್ತು.

ಅಂದ ಹಾಗೆ, ನಿಮ್ಮ ಪತ್ರದ ಕೊನೆಯಲ್ಲಿ ‘ಗಾಡಿ ಓಡಿಸುವಾಗ ರಸ್ತೆ ತಡವಾಗಿ ಕಾಣುತ್ತದೆ, ತಡೆತಡೆದು ಓಡುತ್ತದೆ’ ಅಂತ ಬರೆದಿದ್ದೀರಿ. ರೂಮ್‌ಮೇಟ್ ಆಟವನ್ನು ಹಳೆ ಹಾರ್ಡ್ ಡಿಸ್ಕ್‌ನಲ್ಲಿ ಹಾಕಿದ್ದಾರಾ ನೋಡಿ. 2.0 ಆದ ಮೇಲೆ ಈ ಆಟಕ್ಕೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಡ್ರೈವ್) ಬೇಕೇ ಬೇಕು ಅಂತ ಕಂಪನಿಯೇ ಹೇಳಿದೆ. ಗ್ರಾಫಿಕ್ಸ್ ಕಾರ್ಡ್ ಬದಲಾಯಿಸುವ ಮೊದಲು ಇದನ್ನು ನೋಡಿ, ದುಡ್ಡು ಉಳಿಯಬಹುದು.

ಎರ್ಡ್‌ಟ್ರೀ ವಿಷಯಕ್ಕೆ ಬಂದರೆ ನಮ್ಮಿಬ್ಬರ ಜಗಳ ಶುರು. ‘ಕಷ್ಟಕ್ಕೋಸ್ಕರ ಕಷ್ಟ’ ಅಂತ ಬರೆದವರು ನೀವೊಬ್ಬರೇ ಅಲ್ಲ. 2024ರ ಜೂನ್ 21ಕ್ಕೆ ಅದು ಬಂದಾಗ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಆಟಗಾರರ ಅಭಿಪ್ರಾಯ ಅರ್ಧಂಬರ್ಧ ಆಗಿತ್ತು. ಎಷ್ಟೋ ಜನ 150, 200ನೇ ಲೆವೆಲ್‌ನಲ್ಲಿ ಎದೆ ಉಬ್ಬಿಸಿಕೊಂಡು ಒಳಗೆ ಹೋಗಿ, ಮೊದಲ ಬಾಸ್ (ದೊಡ್ಡ ಶತ್ರು) ಕೈಯಲ್ಲಿ ಎರಡೇಟಿಗೆ ಸತ್ತರು. ಕಾರಣ ಸರಳ. ಆ ನೆರಳಿನ ನಾಡಿನಲ್ಲಿ ನಿಮ್ಮ ಹಳೆ ಲೆವೆಲ್‌ಗೆ ಜಾಸ್ತಿ ಬೆಲೆ ಇಲ್ಲ. ಅಲ್ಲಿ ನಿಮ್ಮ ಹೊಡೆತವನ್ನೂ ತಾಳಿಕೆಯನ್ನೂ ಏರಿಸುವುದು ಸ್ಕಾಡುಟ್ರೀ ಚೂರುಗಳು. ಒಟ್ಟು 50 ಚೂರು ಇವೆ, ಅವುಗಳಿಂದ 20 ಹಂತ ಏರಬಹುದು. ಚೂರುಗಳು ಶಿಲುಬೆಗಳ ಹತ್ತಿರ, ಚರ್ಚುಗಳಲ್ಲಿ, ತಲೆ ಮೇಲೆ ಮಡಕೆ ಹೊತ್ತು ನಿಂತ ನೆರಳಿನ ಜನರ ಹತ್ತಿರ ಸಿಗುತ್ತವೆ. ನೀವು ‘ನೇರ ಕೋಟೆಗೆ ಹೋದೆ, ಅಲ್ಲಿನ ಬಾಸ್ ಮೆಸ್ಮರ್ ಕೈಯಲ್ಲಿ ರಾತ್ರಿಯೆಲ್ಲ ಸತ್ತೆ’ ಅಂತ ಬರೆದಿದ್ದೀರಿ. ಆಗ ನಿಮ್ಮ ಹತ್ತಿರ ಎಷ್ಟು ಚೂರು ಇದ್ದವು ಅಂತ ಬರೆದಿಲ್ಲ. ತುಂಬಾ ಕಡಿಮೆ ಇದ್ದವು ಅಂತ ನನ್ನ ಗುಮಾನಿ.

ಇದು ಹಳೆ ಲೆವೆಲ್ ನಂಬಿ ಬಂದವರಿಗೆ ಮಾಡಿದ ಅವಮಾನ ಅನ್ನಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಎಲ್ಡನ್ ರಿಂಗ್ ಬಂದಾಗ ನಮಗೆಲ್ಲ ಸಿಕ್ಕ ಖುಷಿ ಏನು? ಬಾಸ್ ಹೊಡೆಯಲು ಆಗಲಿಲ್ಲವೇ, ಕುದುರೆ ಹತ್ತಿ ಬೇರೆ ದಿಕ್ಕಿಗೆ ಹೋಗು, ಅಲ್ಲಿ ಏನಾದರೂ ಸಿಗುತ್ತದೆ. ಎರಡು ವರ್ಷ ಆಡಿ ಬಲಿತ ಆಟಗಾರರಿಗೆ ಆ ಖುಷಿ ಮತ್ತೆ ಕೊಡುವುದು ಹೇಗೆ? ಆಟ ಮಾಡಿದ ಫ್ರಮ್‌ಸಾಫ್ಟ್‌ವೇರ್ ಕಂಪನಿ ಅವರನ್ನು ಮತ್ತೆ ಬಲ ಇಲ್ಲದವರನ್ನಾಗಿ ಮಾಡಿತು, ಊರು ಸುತ್ತಿ ಬಾ ಅಂದಿತು. ಇದು ಯೋಚನೆ ಮಾಡಿ ಮಾಡಿದ ಕೆಲಸ. ಅಳತೆ ತಪ್ಪಿತ್ತು ಅನ್ನೋದೂ ನಿಜ. ಅದಕ್ಕೇ ವಾರದೊಳಗೆ ಮೊದಲ ಹಂತಗಳ ಬಲ ಹೆಚ್ಚಿಸಿದರು, ಸೆಪ್ಟೆಂಬರ್‌ನಲ್ಲಿ ಕೊನೆಯ ಬಾಸ್‌ನ ಕೈಯನ್ನೂ ಸ್ವಲ್ಪ ಹಗುರ ಮಾಡಿದರು. ಆ ಕೊನೆಯ ಬಾಸ್ ಬಗ್ಗೆ ಮಾತ್ರ ನಾನು ಪೂರ್ತಿ ನಿಮ್ಮ ಕಡೆ. ಎರಡನೇ ಹಂತದಲ್ಲಿ ಬೆಳಕು ಕಣ್ಣಿಗೆ ಹೊಡೆದು ಏಟು ಎಲ್ಲಿಂದ ಬಂತು ಅನ್ನೋದೇ ತಿಳಿಯುತ್ತಿರಲಿಲ್ಲ. ಕಾಣದ ಏಟಿನಿಂದ ಆಟಗಾರ ಕಲಿಯುವುದಾದರೂ ಏನನ್ನು?

ಸಿಲ್ಕ್‌ಸಾಂಗ್ ಬಿಟ್ಟದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಅದು ಮೊದಲು ‘ಹಾಲೋ ನೈಟ್’ಗೆ ಒಂದು ಎಕ್ಸ್‌ಪ್ಯಾನ್ಷನ್ ಆಗಿ ಬರಬೇಕಿತ್ತು. ಆಸ್ಟ್ರೇಲಿಯಾದ ಅಡಿಲೇಡ್‌ನ ಪುಟ್ಟ ತಂಡ ಟೀಮ್ ಚೆರ್ರಿ 2019ರಲ್ಲಿ ಅದನ್ನು ಬೇರೆ ಆಟ ಅಂತ ಘೋಷಿಸಿ, 2025ರ ಸೆಪ್ಟೆಂಬರ್ 4ಕ್ಕೆ ಕೊಟ್ಟಿತು. ಬೆಲೆ 20 ಡಾಲರ್. ಅದಕ್ಕೂ ಮೊದಲು ಹಾಲೋ ನೈಟ್‌ಗೆ ನಾಲ್ಕು ಕಂತು ಪುಕ್ಕಟೆಯಾಗಿ ಕೊಟ್ಟಿದ್ದರು. ಅರ್ಧ ಆಟ ಮಾರುವವರ ಪಟ್ಟಿಗೆ ಇವರನ್ನು ಸೇರಿಸಿದರೆ ನ್ಯಾಯ ಅಲ್ಲ. ಆದರೆ ಎಷ್ಟೋ ಶತ್ರುಗಳು ಒಂದೇ ಏಟಿಗೆ ಎರಡು ಮುಖವಾಡ (ಈ ಆಟದಲ್ಲಿ ಜೀವದ ಅಳತೆ) ಕಿತ್ತುಕೊಳ್ಳುತ್ತವೆ. ಅದು ಬೇಕಿರಲಿಲ್ಲ ಅಂತ ನನಗೂ ಅನ್ನಿಸಿತು. ಆಟದ ನಾಯಕಿ ಹಾರ್ನೆಟ್ ಓರೆಯಾಗಿ ಕೆಳಗೆ ಹೊಡೆಯುವುದು ನಿಮಗೆ ಒಗ್ಗಲಿಲ್ಲ ಅಂದಿರಿ. ಹೊಡೆಯುವ ರೀತಿಯನ್ನೇ ಬದಲಿಸುವ ವಾಂಡರರ್ ಕ್ರೆಸ್ಟ್ ಸಿಗುವವರೆಗೆ ಆಡಿ ನೋಡಿ, ಅದರಲ್ಲಿ ನೇರ ಕೆಳಗೆ ಹೊಡೆಯಬಹುದು. ಆಮೇಲೂ ಆಗಲಿಲ್ಲ ಅಂದರೆ ಬಿಡಿ.

ಇನ್ನು ‘ನಮ್ಮವರೇ ಇಲ್ಲ’ ಅನ್ನುವ ಮಾತು. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ.

‘ಏಜ್ ಆಫ್ ಎಂಪೈರ್ಸ್ 2’ ರಾಜ್ಯ ಕಟ್ಟಿ ಯುದ್ಧ ಮಾಡುವ 1999ರ ಆಟ. ಭಾರತೀಯರು ಅದರೊಳಗೆ ಬಂದದ್ದು 2013ರಲ್ಲಿ, ಅದೂ ‘ಇಂಡಿಯನ್ಸ್’ ಅಂತ ಒಂದೇ ಗುಂಪಾಗಿ. 2022ರ ಏಪ್ರಿಲ್‌ನಲ್ಲಿ ಬಂದ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಅವರಿಗೆ ಹಿಂದೂಸ್ತಾನಿಗಳು ಅಂತ ಹೆಸರು ಬದಲಿಸಿ, ಜೊತೆಗೆ ಬಂಗಾಳಿಗಳು, ಗುರ್ಜರರು, ದ್ರಾವಿಡರು ಅಂತ ಮೂವರನ್ನು ತಂದಿತು. ಬಾಬರ್, ದೇವಪಾಲ, ರಾಜೇಂದ್ರ ಚೋಳ ಮೂವರಿಗೂ ಒಂದೊಂದು ಕ್ಯಾಂಪೇನ್, ಅಂದರೆ ಕತೆಯ ಜೊತೆ ಸಾಲಾಗಿ ಬರುವ ಯುದ್ಧಗಳು. ದ್ರಾವಿಡರ ಕೈಗೆ ಬಳುಕುವ ಕತ್ತಿ ಉರುಮಿ ಕೊಟ್ಟಿದ್ದಾರೆ, ದೊಡ್ಡ ಹಡಗು ಕೊಟ್ಟಿದ್ದಾರೆ. ಕುದುರೆ ಲಾಯ ಮಾತ್ರ ದುರ್ಬಲ, ಕವಚ ತೊಟ್ಟ ಕುದುರೆ ಸವಾರರು, ಅಂದರೆ ನೈಟ್‌ಗಳೇ ಇಲ್ಲ. ‘ಕುದುರೆ ಇಲ್ಲದ ದಕ್ಷಿಣವಾ?’ ಅಂತ ನೀವು ಕೇಳಿದ್ದೀರಿ. ಆಟ ಮಾಡಿದವರು ಇಲ್ಲಿ ತೀರಾ ತಪ್ಪಿಲ್ಲ. ನಮ್ಮ ಕಡೆ ಯುದ್ಧದ ಒಳ್ಳೆ ಕುದುರೆಗೆ ಯಾವಾಗಲೂ ಬರ. ವಿಜಯನಗರದವರು ಅರಬ್ಬರಿಂದ, ಆಮೇಲೆ ಪೋರ್ಚುಗೀಸರಿಂದ ದುಬಾರಿ ದುಡ್ಡು ಕೊಟ್ಟು ಹಡಗಿನಲ್ಲಿ ತರಿಸುತ್ತಿದ್ದರು.

ಚಾಲುಕ್ಯರು, ಹೊಯ್ಸಳರನ್ನೆಲ್ಲ ಅದೇ ‘ದ್ರಾವಿಡ’ ಚೀಲಕ್ಕೆ ತುಂಬಿದ್ದು ನನಗೂ ಚುಚ್ಚುತ್ತದೆ. ಕಲ್ಯಾಣದ ಚಾಲುಕ್ಯರ ಮೇಲೆ ಯುದ್ಧ ಮಾಡಿದ ರಾಜೇಂದ್ರನ ಸೈನ್ಯವನ್ನು ದುರ್ಗದ ಹುಡುಗ ದಾವಣಗೆರೆ ಹಾಸ್ಟೆಲ್‌ನಲ್ಲಿ ಕೂತು ನಡೆಸುತ್ತಾನೆ! ಆಡುವಾಗ ಮಜಾ ಬಂತು ಅಂತಲೂ ನೀವೇ ಬರೆದಿದ್ದೀರಿ, ಅದನ್ನು ಮುಚ್ಚಿಡುವುದಿಲ್ಲ.

‘ನಮ್ಮ ಕೋಟೆ ಮೇಲೆ ಯಾರೂ ಆಟ ಯಾಕೆ ಮಾಡಲ್ಲ?’ ಅಂದಿರಿ. ಮಾಡಬಹುದು, ನೀವೇ ಮಾಡಬಹುದು. ಈ ಆಟದ ಜೊತೆಗೇ ನಮ್ಮದೇ ಮ್ಯಾಪ್, ಯುದ್ಧ ಕಟ್ಟಿಕೊಳ್ಳುವ ಸಿನಾರಿಯೋ ಎಡಿಟರ್ ಬರುತ್ತದೆ, ಬೇರೆ ದುಡ್ಡು ಇಲ್ಲ. ಆದರೆ ಒಂದು ಯೋಚನೆ ಮಾಡಿ. ಎರಡನೇ ಆಟದ ಕಾಲ ಸುಮಾರು 1600ಕ್ಕೆ ನಿಲ್ಲುತ್ತದೆ. ಹೈದರಾಲಿ ದುರ್ಗ ಹಿಡಿದದ್ದು 1779ರಲ್ಲಿ. ಅದಕ್ಕೆ ಮೂರನೇ ಆಟ, ‘ಏಜ್ ಆಫ್ ಎಂಪೈರ್ಸ್ 3’, ಸರಿ. 2007ರ ‘ದಿ ಏಷ್ಯನ್ ಡೈನಾಸ್ಟೀಸ್’ ಎಕ್ಸ್‌ಪ್ಯಾನ್ಷನ್‌ನಲ್ಲಿ ಸಿಪಾಯಿಗಳು, ಒಂಟೆ ಮೇಲಿನ ಜಂಬೂರಕ್ ಬಂದೂಕು, ಆನೆಗಳು ಎಲ್ಲ ಇವೆ. ಎತ್ತರದಲ್ಲಿ ನಿಂತವರ ಏಟಿಗೆ 25% ಬಲ ಜಾಸ್ತಿ ಸಿಗುವ ಅನುಕೂಲ ಎರಡನೇ ಆಟದಲ್ಲಿದೆ, ಬಂಡೆ ತುಂಬಿದ ದುರ್ಗಕ್ಕೆ ಅದು ಬೇಕು. ಯಾವುದನ್ನು ಬಿಡುತ್ತೀರಿ, ನಿಮಗೆ ಬಿಟ್ಟದ್ದು. ನಾನಾಗಿದ್ದರೆ ಎರಡನೆಯದನ್ನೇ ಹಿಡಿದು, ಕಾಲದ ವಿಷಯದಲ್ಲಿ ಸುಳ್ಳು ಹೇಳುತ್ತಿದ್ದೆ.

ಎಲ್ಲರೂ ಮೊದಲು ಮಾಡೋದು ಓಬವ್ವನ ಕಿಂಡಿ. ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಕೈಯಲ್ಲಿ ಒನಕೆ ಕೊಟ್ಟು ಸಾವಿರ ಹಿಟ್ ಪಾಯಿಂಟ್‌ನ (ಜೀವಬಲದ) ವೀರ ಮಾಡಬೇಡಿ. ಆ ಕತೆಯ ಬಲ ಇರೋದು ಕಿಂಡಿಯ ಇಕ್ಕಟ್ಟಿನಲ್ಲಿ. ಒಬ್ಬೊಬ್ಬರೇ ತೆವಳಿ ಬರಬೇಕು, ಒಳಗಿರುವವಳಿಗೆ ಒಂದು ಸಲಕ್ಕೆ ಒಂದೇ ತಲೆ ಕಾಣಬೇಕು. ಅವಳು ಕಾವಲುಗಾರನ ಹೆಂಡತಿ, ಸೈನಿಕಳಲ್ಲ. ಒಂದು ಸಾಮಾನ್ಯ ಹಳ್ಳಿಯವಳ ಯೂನಿಟ್ ಇಟ್ಟು, ಕಿಂಡಿಯನ್ನೇ ಆಯುಧ ಮಾಡಿದರೆ ಆಡುವವರ ಎದೆ ಹೊಡೆದುಕೊಳ್ಳುತ್ತದೆ.

ನನಗೆ ಅದಕ್ಕಿಂತ ಆಸೆ ಇರೋದು ನೀರಿನ ಮೇಲೆ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡ. ಮೇಲೆ ಎಣ್ಣೆ ಕೊಳ ಇದೆ, ಮದ್ದು ಬೀಸುವ ಕಲ್ಲುಗಳಿವೆ. ಏಳು ಸುತ್ತಿನ ಕೋಟೆ ಅಷ್ಟು ಕಾಲ ನಿಂತದ್ದು ಗೋಡೆಯಿಂದ ಮಾತ್ರ ಅಲ್ಲ, ಒಳಗೆ ನೀರು, ಕಾಳು, ಎಣ್ಣೆ, ಮದ್ದು ಇದ್ದದ್ದರಿಂದ. ಯಾವ ಮುತ್ತಿಗೆ ಆಟದಲ್ಲೂ ನಾನು ಇದನ್ನು ಸರಿಯಾಗಿ ನೋಡಿಲ್ಲ, ಎಲ್ಲರಿಗೂ ಗೋಡೆ ಒಡೆಯೋದರ ಮೇಲೇ ಕಣ್ಣು. ಎಡಿಟರ್‌ನಲ್ಲಿ ಟ್ರಿಗರ್ (‘ಇದಾದರೆ ಅದಾಗಲಿ’ ಅನ್ನುವ ನಿಯಮ) ಹಾಕಿ, ಒಂದೊಂದು ಹೊಂಡ ಶತ್ರುವಿನ ಕೈಗೆ ಹೋದ ಹಾಗೆ ಒಳಗಿನವರ ಆಹಾರ ಕರಗುತ್ತಾ ಹೋಗುವಂತೆ ಮಾಡಬಹುದು. ಗೆಲ್ಲುವುದು ಅಂದರೆ ಎಷ್ಟು ಹೊತ್ತು ತಡೆದಿರಿ ಅನ್ನೋದು. ಕೊನೆಗೆ ಕೋಟೆ ಬೀಳಲೇಬೇಕು, 1779ನ್ನು ತಿದ್ದುವ ಆಟ ಬೇಡ.

ಬಾಗಿಲು, ದಿಡ್ಡಿಗಳ ಲೆಕ್ಕ ಸರಿಯಾಗಿ ಇಡಿ. 19 ಹೆಬ್ಬಾಗಿಲು, 38 ದಿಡ್ಡಿ ಬಾಗಿಲು, 35 ಕಳ್ಳ ದಾರಿ ಅಂತ ರೂಢಿಯ ಲೆಕ್ಕ. ಎಲ್ಲ ಹಾಕಿದರೆ ಮ್ಯಾಪ್ ಸಂತೆಯಾಗುತ್ತದೆ, ಮೂರು ಸುತ್ತು ಮಾಡಿದರೂ ಸಾಕು. ರಜೆಗೆ ಊರಿಗೆ ಹೋದಾಗ ಒಮ್ಮೆ ಕೋಟೆ ಹತ್ತಿ, ತಿರುವುಗಳ ಫೋಟೋ ತೆಗೆದುಕೊಳ್ಳಿ. ಪ್ರತಿ ಬಾಗಿಲ ಮುಂದೆ ದಾರಿ ಯಾಕೆ ಸೊಟ್ಟಗಿದೆ ಅಂತ ನಿಂತು ನೋಡಿದರೆ ಅರ್ಧ ಡಿಸೈನ್ ಅಲ್ಲೇ ಸಿಗುತ್ತದೆ: ಆನೆಗೆ ಓಡಿ ಬಂದು ಗುದ್ದಲು ಜಾಗವೇ ಇಲ್ಲ.

ಮುಗಿದ ಮೇಲೆ ಫೈಲ್ ಕಳಿಸಿ. ನಮ್ಮ ಕಚೇರಿಯಲ್ಲಿ ಹೈದರ್ ಕಡೆಯಿಂದ ಆಡಲು ಇಬ್ಬರು ಈಗಲೇ ತಯಾರಿದ್ದಾರೆ. ಮದಕರಿ ಕಡೆ ನಾನು.

– ಸಂ.